ಪುಟ್ಟಿ ಕೇಳಿದ 'ಓನ್ಲಿ' ವಿಷ್ಯಕ್ಕೆ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡ್ದೆ ಕಣೇ, ಟೈಪ್ ಮಾಡ್ತಾ ಕೂತ್ರೆ ಆಗಲ್ಲ ಅದಕ್ಕೇ ವಾಯ್ಸ್ ಕಳಿಸ್ತಿದೀನಿ. ಆಫೀಸ್ ಕಾಲಲ್ಲಿ "ಐ ಆಮ್ ಹಿಯರ್ ಓನ್ಲಿ" ಅಂದಿದ್ದಕ್ಕೆ ಯಾರೋ ನಕ್ಕರು, ಅಷ್ಟು ದೊಡ್ಡ ತಪ್ಪಾ ಅತ್ತೆ ಅಂತ ಕೇಳಿದೀಯ. ನಗೋವಂಥದ್ದೇನಿಲ್ಲ ಬಿಡು, "ಇಲ್ಲೇ ಇದೀನಿ" ಅಂತೀವಲ್ಲ, ಆ ಏಕಾರನೇ ಅಲ್ಲಿ ಹೋಗಿ ಓನ್ಲಿ ಆಗಿರೋದು. ಆದ್ರೆ ಹೊರಗಿನೋರ ಕಿವಿಗೆ ಓನ್ಲಿ ಅಂದ್ರೆ ಬರೀ "ಮಾತ್ರ". ಒತ್ತಿ ಹೇಳ್ಬೇಕಂದ್ರೆ ಅವರು ಬಾಲಕ್ಕೆ ಏನೂ ಸೇರ್ಸಲ್ಲ, ಆ ಪದದ ಮೇಲೆ ದನಿ ಏರಿಸ್ತಾರೆ, ಇಲ್ಲಾಂದ್ರೆ ಡು, ಡಿಡ್ ತರ್ತಾರೆ. "ಕಳ್ಸಿದೀನಲ್ಲಪ್ಪ" ಅನ್ನೋಕೆ "ಐ ಡಿಡ್ ಸೆಂಡ್ ಇಟ್", ಡಿಡ್ ಬಂದ್ಮೇಲೆ ಸೆಂಟ್ ಅನ್ಬಾರ್ದು ಮತ್ತೆ. "ಟುಡೇ ಇಟ್‌ಸೆಲ್ಫ್"ಗೆ ಬರೀ ಟುಡೇ ಸಾಕು.

ಇಸಂಟ್ ಇಟ್ ಕೂಡ ನಮ್ಮ "ಅಲ್ವಾ"ನೇ, ಎಲ್ಲದಕ್ಕೂ ಅಂಟಿಸ್ತೀವಿ. ಸರಿಯಾಗಿ ಹೇಳ್ಬೇಕಂದ್ರೆ "ಯು ಆರ್ ಕಮಿಂಗ್, ಆರಂಟ್ ಯು", "ಹಿ ಲೆಫ್ಟ್, ಡಿಡಂಟ್ ಹಿ", ಹಿಂಗೆ ವಾಕ್ಯ ನೋಡ್ಕೊಂಡು ಬದ್ಲಾಗತ್ತೆ. ತಲೆನೋವು ಅನ್ಸಿದ್ರೆ ಕೊನೇಲಿ "ರೈಟ್?" ಅನ್ನು, ಎಲ್ಲಾ ಕಡೆ ನಡಿಯತ್ತೆ. ಲಂಡನ್ ಹುಡುಗ್ರೇ ಇಸಂಟ್ ಇಟ್‌ನ ಮೊಟಕು ಮಾಡಿ ಎಲ್ಲದಕ್ಕೂ "ಇನಿಟ್" ಅಂತಾರೆ, ಅವರನ್ನ ಯಾರೂ ಕೇಳಲ್ಲ!

ಇವೆಲ್ಲ ಹೋಗ್ಲಿ, ಅರ್ಥ ಹೆಂಗೋ ಆಗತ್ತೆ. ನಿಜವಾಗ್ಲೂ ಎಡವಟ್ಟಾಗೋದು ಎಸ್ ನೋ ವಿಷ್ಯದಲ್ಲಿ ಕಣೇ. "ಡಿಡಂಟ್ ಯು ಗೆಟ್ ದಿ ಫೈಲ್?" ಅಂತ ಕೇಳ್ತಾರೆ, ನಾವು "ಹೂಂ, ಬಂದಿಲ್ಲ" ಅನ್ನೋ ಲೆಕ್ಕದಲ್ಲಿ "ಎಸ್" ಅಂದು ಸುಮ್ಮನಾಗ್ತೀವಿ, ಅವರು ಫೈಲ್ ಬಂದಿದೆ ಅನ್ಕೊಂಡು ಮುಂದಕ್ಕೆ ಹೋಗ್ತಾರೆ. ಜಪಾನಿನೋರೂ ನಮ್ಮ ಥರಾನೇ ಉತ್ತರ ಕೊಡೋದು, ಇಂಗ್ಲಿಷಲ್ಲಿ ಮಾತ್ರ ಬಂದಿಲ್ಲ ಅಂದ್ರೆ ಪ್ರಶ್ನೆ ಹೆಂಗೇ ಇರ್ಲಿ ನೋ. ಅದಕ್ಕೇ ಒಂಟಿ ಎಸ್ ನೋ ಬಿಟ್ಟು "ನೋ, ಐ ಡಿಡಂಟ್" ಅಂತ ಪೂರ್ತಿ ಹೇಳ್ಬಿಡು. "ಡು ಯು ಮೈಂಡ್ ಇಫ್ ಐ ಸಿಟ್ ಹಿಯರ್" ಅಂತ, ಅಂದ್ರೆ ಇಲ್ಲಿ ಕೂತ್ರೆ ಅಡ್ಡಿನಾ ಅಂತ, ಕೇಳಿದೋರಿಗೆ ಎಸ್ ಅಂದ್ಯೋ, ಕೂರ್ಬೇಡ ಅಂದ ಹಾಗೆ, "ನಾಟ್ ಅಟ್ ಆಲ್" ಅನ್ಬೇಕು.

ಹಾಂ, ಇನ್ನೊಂದು, ಆಫ್ ಕೋರ್ಸ್. ಪೆನ್ ಕೊಡ್ತೀಯಾ ಅಂದ್ರೆ ಆಫ್ ಕೋರ್ಸ್ ಅನ್ನು, ಚೆನ್ನಾಗಿರತ್ತೆ. ಮ್ಯಾನೇಜರ್ರು ರಿಪೋರ್ಟ್ ಚೆಕ್ ಮಾಡಿದ್ಯಾ ಅಂದಾಗ ಆಫ್ ಕೋರ್ಸ್ ಅಂದ್ರೆ "ಇದನ್ನೂ ಕೇಳ್ಬೇಕಾ" ಅಂದಂಗೆ ಕೇಳ್ಸತ್ತೆ, ಅಲ್ಲಿ "ಎಸ್, ಐ ಹ್ಯಾವ್" ಸಾಕು. ಸರಿ, ಭಾನುವಾರ ಫೋನ್ ಮಾಡು, ಇಂಗ್ಲಿಷಲ್ಲೇ ಮಾತಾಡೋಣ, ನಿಮ್ಮಪ್ಪಂಗೆ ಮಧ್ಯೆ ಬಾಯಿ ಹಾಕ್ಬೇಡ ಅಂತ ಹೇಳು.