ಅಪ್‌ಡೇಟ್: ಅಮ್ಮನ ಮೇಲೆ ರೇಗಾಡುತ್ತೇನೆ ಎಂದು ಬರೆದಿದ್ದವಳು ನಾನು

ಮೂರು ತಿಂಗಳ ಹಿಂದೆ ಕೇಳಿದ್ದೆ: ಅಮ್ಮನಿಗೆ ಕಿಮೋಥೆರಪಿ ನಡೆಯುತ್ತಿದೆ, ನಾನು ಅವರ ಮೇಲೆಯೇ ಸಿಡುಕುತ್ತೇನೆ, ಆಮೇಲೆ ನಲ್ಲಿ ಬಿಟ್ಟುಕೊಂಡು ಸ್ನಾನದ ಮನೆಯಲ್ಲಿ ಅಳುತ್ತೇನೆ, ಏನು ಮಾಡಲಿ? ಉತ್ತರಿಸಿದ ಎಲ್ಲರಿಗೂ ಋಣಿ. ‘ಧೈರ್ಯವಾಗಿರಿ’ ಎಂದಷ್ಟೇ ಬರೆದವರಿಗೆ ತುಸು ಕಡಿಮೆ.

ಕೈಹಿಡಿದದ್ದು ದಿನಚರಿ ಬರೆಯುವ ಸಲಹೆ. ಮನಸ್ಸಿನ ಮಾತು ಬರೆಯಲು ಬರಲಿಲ್ಲ. ದಿನಾಂಕ, ನಿದ್ದೆ, ಜಗಳ, ಇಷ್ಟನ್ನೇ ಗೀಚಿದೆ. ಮೂರು ಸುತ್ತು ಮುಗಿದಾಗ ಕಣ್ಣಿಗೆ ಬಿತ್ತು: ಜಗಳಗಳೆಲ್ಲ ಚಿಕಿತ್ಸೆಯಾದ ಮೊದಲ ಮೂರು ದಿನಗಳಲ್ಲೇ. ವೈದ್ಯರಿಗೆ ಆ ಹಾಳೆ ತೋರಿಸಿದೆ. ವಾಂತಿ ತಡೆಯಲು ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ನಿದ್ದೆ ಕೆಡಿಸಬಹುದು, ಸಿಡುಕನ್ನೂ ತರಬಹುದು ಎಂದು ಹೇಳಿ, ಮಾತ್ರೆಯನ್ನು ಬೆಳಗಿನ ಹೊತ್ತಿಗೆ ಬದಲಾಯಿಸಿದರು. ಅಮ್ಮನ ಅರ್ಧ ಕೋಪ ಮಾತ್ರೆಯದ್ದಂತೆ! ನನ್ನ ಕೋಪಕ್ಕೆ ಅಂಥ ನೆಪವಿರಲಿಲ್ಲ.

ರಾತ್ರಿ ಎರಡಕ್ಕೂ ಮೂರಕ್ಕೂ ಎದ್ದು ಅವರ ಹಣೆ ಮುಟ್ಟಿ ನೋಡುತ್ತಿದ್ದೆ. ಈಗ ಥರ್ಮಾಮೀಟರ್ ಅಮ್ಮನ ದಿಂಬಿನ ಪಕ್ಕದಲ್ಲೇ ಇದೆ. 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಎಬ್ಬಿಸುವುದು ಅವರ ಜವಾಬ್ದಾರಿ. ಶನಿವಾರ ಪೂರ್ತಿ ತಮ್ಮನದು. ಅವನು ಮಾತ್ರೆಗಳ ಡಬ್ಬಿಯನ್ನು ತಪ್ಪಾಗಿ ಜೋಡಿಸುತ್ತಾನೆ, ನಾನು ಹಲ್ಲು ಕಚ್ಚಿ ಭಾನುವಾರ ಸರಿಪಡಿಸುತ್ತೇನೆ.

ಆಪ್ತಸಮಾಲೋಚಕರನ್ನೂ ಎರಡು ಬಾರಿ ಕಂಡೆ. ಅಳು ನಿಂತಿಲ್ಲ. ಮೊನ್ನೆ ಮಾತ್ರ ಅಮ್ಮ ಬಾಗಿಲು ಬಡಿದು, ‘ನೀರು ಸುಮ್ಮನೆ ಹರಿಸಬೇಡ, ಹೊರಗೆ ಬಂದು ಅಳು’ ಎಂದರು.