‘ಕಂಟಿನ್ಯೂಮ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಹೈಸ್ಕೂಲು ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಕಕ್ಷೆಯಿಂದ ವಾಪಸ್ ಬರುವ ನೌಕೆಯ ಸುತ್ತ ಗಾಳಿ ಹೇಗೆ ಹರಿಯುತ್ತದೆ, ಅದನ್ನು ಕಂಪ್ಯೂಟರಿನಲ್ಲಿ ಹೇಗೆ ಲೆಕ್ಕ ಹಾಕುತ್ತಾರೆ ಅನ್ನೋದು ವಿಷಯ. ಒಂದು ಪದ ಸಿಗದೆ ನಾಲ್ಕು ದಿನದಿಂದ ಬರವಣಿಗೆ ನಿಂತಿದೆ.

ಮೊದಲು ಸಂದರ್ಭ ಹೇಳುತ್ತೇನೆ. ಗಾಳಿಯ ಅಣು ಇನ್ನೊಂದು ಅಣುವಿಗೆ ಡಿಕ್ಕಿ ಹೊಡೆಯುವ ಮುಂಚೆ ಸರಾಸರಿ ಇಷ್ಟು ದೂರ ಅಂತ ಸಾಗುತ್ತದೆ. ನೆಲಮಟ್ಟದಲ್ಲಿ ಆ ದೂರ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲೂ ಇಲ್ಲ. 100 ಕಿ.ಮೀ. ಎತ್ತರದಲ್ಲಿ 10 ಸೆಂ.ಮೀ. ದಾಟುತ್ತದೆ. ಕೆಳಗಿನ ಗಾಳಿಯನ್ನು ಬಿಡಿ ಅಣುಗಳು ಅನ್ನದೆ ನೀರಿನ ಹಾಗೆ ಒಂದೇ ಹರಿವು ಅಂದುಕೊಂಡು (ಇದೇ ‘ಕಂಟಿನ್ಯೂಮ್’), ಹರಿವಿನ ಲೆಕ್ಕಕ್ಕೆ ಬಳಸುವ ನೇವಿಯರ್-ಸ್ಟೋಕ್ಸ್ ಸಮೀಕರಣ ಬಿಡಿಸಬಹುದು. ಮೇಲೆ ಅದು ನಡೆಯುವುದಿಲ್ಲ. ಅಲ್ಲಿಗೆ 1960ರ ದಶಕದಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿ ಗ್ರೇಮ್ ಬರ್ಡ್ ರೂಪಿಸಿದ ಕಣವಿಧಾನ ಬೇಕು. ಕಣಗಳನ್ನು ಓಡಿಸಿ, ಯಾವುದು ಯಾವುದಕ್ಕೆ ಡಿಕ್ಕಿ ಅನ್ನೋದನ್ನು ದಾಳ ಹಾಕಿದ ಹಾಗೆ ತೀರ್ಮಾನಿಸುವುದು.

ನಡುವಿನ ಎತ್ತರದಲ್ಲಿ ಒಂದೇ ನೌಕೆಯ ಸುತ್ತ ಎರಡೂ ಸ್ಥಿತಿ ಇರುತ್ತದೆ. ಮೂತಿಯ ಮುಂದೆ ಗಾಳಿ ಒತ್ತಿಕೊಂಡು ದಟ್ಟ, ಬೆನ್ನ ಹಿಂದೆ ತೀರಾ ತೆಳು. ದಟ್ಟ ಕಡೆಯಲ್ಲೂ ಕಣ ಓಡಿಸಿದರೆ ಲೆಕ್ಕ ಮುಗಿಯುವುದೇ ಇಲ್ಲ. ಅದಕ್ಕೇ ಜಾಗ ಹಂಚಿಕೊಟ್ಟು ಎರಡು ವಿಧಾನಗಳನ್ನೂ ಜೊತೆಗೆ ನಡೆಸುತ್ತಾರೆ.

ಈಗ ಪದಕ್ಕೆ ಬರೋಣ. ‘ನಿರಂತರ’ ಅನ್ನೋದು ಮೊದಲು ಹೊಳೆಯಿತು. ಬಿಡಿಸಿದರೆ ನಡುವೆ ಅಂತರ ಇಲ್ಲದ್ದು, ಅರ್ಥ ಸರಿಯೇ. ಆದರೆ ‘ನಿರಂತರ ಹರಿವು’ ಅಂದರೆ ಓದುವ ಹುಡುಗಿಗೆ ಹೊಳೆಯೋದು ಯಾವತ್ತೂ ನಿಲ್ಲದ ಹರಿವು, ಅಲ್ವಾ? ‘ಎಡೆಬಿಡದ’ ತೆಗೆದುಕೊಂಡರೂ ಅದೇ ಕಥೆ. ಎಡೆ ಅಂದರೆ ಜಾಗ, ಆದರೆ ಎಡೆಬಿಡದೆ ಸುರಿಯೋದು ಮಳೆ. ಜಾಗದ ಮಾತಾಗಿ ಹುಟ್ಟಿದ ಎರಡೂ ಪದ ಬಳಕೆಯಲ್ಲಿ ಕಾಲದ ಕಡೆಗೆ ಸರಿದುಬಿಟ್ಟಿವೆ.

ಮೊನ್ನೆ ಮನೆಯಲ್ಲಿ ಚೀಲದಿಂದ ಡಬ್ಬಕ್ಕೆ ರಾಗಿ ಸುರಿಯುತ್ತಿದ್ದೆ. ಮೊದಲು ಧಾರೆ, ಥೇಟ್ ನೀರು. ಚೀಲ ಬರಿದಾಗುತ್ತಾ ಬಂದಂತೆ ಧಾರೆ ತುಂಡಾಗಿ, ಒಂದೊಂದೇ ಕಾಳು ತಳಕ್ಕೆ ಬಿದ್ದು ಟಿಕ್ ಟಿಕ್ ಅಂದಿತು. ಆಗ ‘ಬಿಡಿ’, ‘ಇಡಿ’ ಜೋಡಿ ನೆನಪಾಯಿತು. ಕಣಗಳದ್ದು ಬಿಡಿಲೆಕ್ಕ, ಇನ್ನೊಂದು ಇಡಿಲೆಕ್ಕ. ನನಗಂತೂ ತುಂಬಾ ಹಿಡಿಸಿತು. ಆದರೆ ‘ಇಡಿ’ ಒಂಟಿಯಾಗಿ ಬಂದಾಗ ‘ಇಲ್ಲಿ ಇಡಿ’ ಅನ್ನೋ ಹಾಗೆ ಓದಿಬಿಡುತ್ತಾರೇನೋ ಅನ್ನೋ ಭಯ. ಹಾಗಾದರೆ ‘ಅಖಂಡ’ ವಾಸಿಯೇ?

ಇನ್ನೊಂದು. ಎರಡನ್ನೂ ಸೇರಿಸಿದ ವಿಧಾನಕ್ಕೆ ‘ಮಿಶ್ರ’ ಬೇಡ ಅನ್ನಿಸುತ್ತದೆ. ಇಲ್ಲಿ ಏನೂ ಬೆರೆಯುವುದಿಲ್ಲ. ಅಕ್ಕಪಕ್ಕದ ಎರಡು ಗದ್ದೆಗಳ ಹಾಗೆ ನಡುವೆ ಬದು ಇರುತ್ತದೆ, ಬದುವಿನಲ್ಲಿ ಲೆಕ್ಕ ಆಚೀಚೆ ದಾಟುತ್ತದೆ. ‘ಬೆರಕೆ’ ಅಂದರೆ ಕಲಬೆರಕೆಯ ವಾಸನೆ. ‘ಜೋಡುವಿಧಾನ’ ಅಂತ ಬರೆದಿಟ್ಟಿದ್ದೇನೆ.

ನಿಮ್ಮ ಊರ ಕಡೆ ಕಾಳು ಧಾರೆಯಾಗಿ ಸುರಿಯೋದಕ್ಕೂ ಬಿಡಿಬಿಡಿಯಾಗಿ ಉದುರೋದಕ್ಕೂ ಬೇರೆ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ.