ಕೂತು ತಿನ್ನುವ ಹೋಟೆಲಿನಲ್ಲಿ ಪಾರ್ಸೆಲ್ಲೇ ಅರ್ಧ ಆದರೆ?

ಗಲ್ಲಾಪೆಟ್ಟಿಗೆ:
ನಮ್ಮದು ದಕ್ಷಿಣ ಬೆಂಗಳೂರಿನ 60 ಸೀಟಿನ ಸಸ್ಯಾಹಾರಿ ಹೋಟೆಲು. 2020ರ ಜೂನ್ 8ರಿಂದ ಒಳಗೆ ಕೂರಿಸಲು ಬಿಟ್ಟರೂ, ಲಾಕ್‌ಡೌನಿನಲ್ಲಿ ಹತ್ತಿದ ಪಾರ್ಸೆಲ್ ರೂಢಿ ಜನರಿಗೆ ಹೋಗಲಿಲ್ಲ. ಈಗ ಅರ್ಧ ವ್ಯಾಪಾರ ಊಟ-ತಿಂಡಿ ಮನೆಗೆ ಮುಟ್ಟಿಸೋ ಆ್ಯಪ್‌ನದು. ಮಸಾಲೆದೋಸೆ ಮನೆ ಮುಟ್ಟುವಷ್ಟರಲ್ಲಿ ಒದ್ದೆ ಬಟ್ಟೆ ಅಂತ ದೂರು, ಉಳಿತಾಯವೂ ಅಷ್ಟಕ್ಕಷ್ಟೇ. ಎಸಿ ಹಾಲ್ ತೆಗೆದು ಅಡುಗೆಮನೆ ದೊಡ್ಡದು ಮಾಡೋದಾ?

ದೋಸೆಕಲ್ಲು:
ಗೋಡೆ ಒಡೆಯೋ ಮುಂಚೆ ಪ್ಯಾಕಿಂಗ್ ಸರಿಮಾಡಿ. ದೋಸೆ ಮೆತ್ತಗಾಗೋದು ದೂರದಿಂದಲ್ಲ, ಅದರದೇ ಹಬೆಯಿಂದ. ಕಲ್ಲಿನಿಂದ ತೆಗೆದ ತಕ್ಷಣ ಡಬ್ಬಿ ಮುಚ್ಚಿದರೆ ಹಬೆ ಮುಚ್ಚಳಕ್ಕೆ ತಾಗಿ ನೀರಾಗಿ ವಾಪಸ್ ದೋಸೆ ಮೇಲೇ ಬೀಳುತ್ತೆ. ಪಾರ್ಸೆಲ್ ದೋಸೆ ಸ್ವಲ್ಪ ತೆಳ್ಳಗೆ ಹುಯ್ದು ಅರ್ಧ ನಿಮಿಷ ಹೆಚ್ಚು ಬೇಯಿಸಿ. ತೆಗೆದ ಮೇಲೆ ಒಂದು ನಿಮಿಷ ತಂತಿ ಜಾಲರಿ ಮೇಲಿಡಿ. ಪಲ್ಯ ಒಳಗೆ ಬೇಡವೇ ಬೇಡ, ಬೇರೆ ಡಬ್ಬಿಗೆ. ಸಿಲ್ವರ್ ಫಾಯಿಲ್‌ನಲ್ಲಿ ಸುತ್ತಬೇಡಿ. ಬಟರ್ ಪೇಪರ್ ಹಾಕಿ, ಮೇಲೆ ನಾಲ್ಕು ತೂತಿರೋ ರಟ್ಟಿನ ಡಬ್ಬಿ.

ಚಟ್ನಿ ಫ್ರಿಜ್‌ನಿಂದ ನೇರ ಡಬ್ಬಿಗೆ, ಬಿಸಿ ಡಬ್ಬಿಗಳ ಜೊತೆ ಒಂದೇ ಚೀಲದಲ್ಲಿ ಬೇಡ. ತೆಂಗಿನಕಾಯಿ ಚಟ್ನಿ ಬೇಗ ಹುಳಿ ಬರುತ್ತೆ. ಬಿಸಿಬೇಳೆಬಾತ್ ದಾರಿಯಲ್ಲೇ ಗಟ್ಟಿಯಾಗುತ್ತೆ, ಪ್ಲೇಟಿಗೆ ಕಾಲು ಲೋಟ ಕುದಿನೀರು ಹೆಚ್ಚು ಹಾಕಿ ಸಡಿಲ ಕಳಿಸಿ, ಬೂಂದಿ ಬೇರೆ. ಸಾಂಬಾರಿನ ಪ್ಲಾಸ್ಟಿಕ್ ಡಬ್ಬಿ ತಳದಲ್ಲಿ ಪ್ಲಾಸ್ಟಿಕ್ ಬಗೆ ಹೇಳೋ ಅಂಕಿ 5 ಅಂತಿದ್ದರೆ ಬಿಸಿ ತಡೆಯುತ್ತೆ, 6 ಇದ್ದರೆ ಸೊಟ್ಟಗಾಗುತ್ತೆ. ಪೂರಿಯನ್ನು ಆ್ಯಪ್ ಮೆನುವಿನಿಂದಲೇ ತೆಗೀರಿ.

ಲೆಕ್ಕದಪುಸ್ತಕ:
ದೋಸೆ ಗರಿಗರಿ ಆಯ್ತು ಅನ್ನಿ, ದುಡ್ಡು? ಉದಾಹರಣೆಗೆ 100 ರೂಪಾಯಿ ಬಿಲ್ಲು, ಆ್ಯಪ್‌ಗೆ 25% ಕಮಿಷನ್ ಅಂತಿಟ್ಟುಕೊಳ್ಳಿ. 25 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ 4.50. ನೀವು ಜಿಎಸ್‌ಟಿಯ 5% ಸ್ಲ್ಯಾಬಿನವರು, ಇನ್‌ಪುಟ್ ಕ್ರೆಡಿಟ್ (ಖರ್ಚಿನ ಮೇಲೆ ಕಟ್ಟಿದ ತೆರಿಗೆ ಮುರಿದುಕೊಳ್ಳೋ ಸೌಲಭ್ಯ) ಇಲ್ಲ, ಆ 4.50 ಪೂರಾ ನಿಮ್ಮ ತಲೆ ಮೇಲೆ. ಉಳಿದದ್ದು 70.50, ಡಬ್ಬಿ-ಚೀಲಕ್ಕೆ 8 ಹೋದರೆ 62.50. ಹೋಟೆಲಲ್ಲಿ ಕೂತವರ 100ಕ್ಕೆ ಸರಿಸಮ ಆಗಬೇಕಾದರೆ ಡಬ್ಬಿ ಬಿಟ್ಟೇ ಆ್ಯಪ್‌ನಲ್ಲಿ ಸುಮಾರು 142 ಇರಬೇಕು. ಯಾರೂ ಕೊಡಲ್ಲ. ಹಾಗಾಗಿ ಒಂಟಿ ದೋಸೆ ಬದಲು ಇಬ್ಬರ ಕಾಂಬೊ ಮಾಡಿ, ಡಬ್ಬಿ ಖರ್ಚು ಹಂಚಿಹೋಗುತ್ತೆ. ಡಿಸ್ಕೌಂಟ್ ನಿಮ್ಮ ಜೇಬಿಂದಲೋ ಆ್ಯಪ್‌ನದೋ, ಒಪ್ಪಂದದಲ್ಲಿ ಓದಿ.

ಇನ್ನೊಂದು: 2022ರ ಜನವರಿ 1ರಿಂದ ಆ್ಯಪ್ ಆರ್ಡರಿನ 5% ತೆರಿಗೆ ಆ್ಯಪ್‌ನವರೇ ಕಟ್ಟುತ್ತಾರೆ. ಆ ಮಾರಾಟವನ್ನು ಜಿಎಸ್‌ಟಿ ಲೆಕ್ಕ ಸಲ್ಲಿಸೋ 3ಬಿ ರಿಟರ್ನಿನಲ್ಲಿ ಬೇರೆ ಸಾಲಿಗೆ ಹಾಕಬೇಕು. ಮಾಮೂಲಿ ಮಾರಾಟದ ಜೊತೆ ಸೇರಿಸಿದರೆ ಎರಡು ಸಲ ಕಟ್ಟಿದ ಹಾಗೆ.

ಬೈಟುಕಾಫಿ:
ಎಸಿ ಹಾಲ್ ಮುಟ್ಟಬೇಡಿ. ಇಕ್ಕಟ್ಟಾಗೋದು ದೋಸೆಕಲ್ಲು ಮತ್ತು ಬಾಗಿಲು. ಒಂದು ಸಲಕ್ಕೆ 8 ದೋಸೆ, ಪ್ರತಿ ಸಲಕ್ಕೆ 4 ನಿಮಿಷ ಅಂದರೆ ಗಂಟೆಗೆ 120, ಕಲ್ಲು ಒರೆಸೋ ಹೊತ್ತು ಕಳೆದರೆ ಇನ್ನೂ ಕಮ್ಮಿ. ಭಾನುವಾರ ಬೆಳಿಗ್ಗೆ 9ರಿಂದ 11ರವರೆಗೆ ಆ್ಯಪ್‌ನಲ್ಲಿ ದೋಸೆ ಆಫ್ ಮಾಡಿ, ಇಡ್ಲಿ-ಖಾರಾಬಾತ್ ಮಾತ್ರ ಬಿಡಿ. ಬಾಗಿಲ ಪಕ್ಕ 6 ಸೀಟು ತೆಗೆದು ಪಾರ್ಸೆಲ್ ಕಿಟಕಿ ಮಾಡಿ, ಡೆಲಿವರಿ ಹುಡುಗರು ಗಲ್ಲಾ ಮುಂದೆ ನಿಲ್ಲೋದು ತಪ್ಪುತ್ತೆ. ಬಿಲ್ಲಿನ ಒಂದು ಪ್ರತಿ ಚೀಲಕ್ಕೆ ಪಿನ್ ಮಾಡಿ, ಗುರುತು ಹಾಕುತ್ತಾ ತುಂಬೋಕೆ ಒಬ್ಬರೇ ಇರಲಿ. ಚಟ್ನಿ ಮರೆತ ದೂರು ಅಲ್ಲಿಗೇ ನಿಲ್ಲುತ್ತೆ.

ಅಂದಹಾಗೆ ಇದೇನೂ ಹೊಸ ಕಷ್ಟವಲ್ಲ. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಾಗ ಎಂಟಿಆರ್ ರವೆ ಇಡ್ಲಿ ಮಾಡಿತು, ತುರ್ತುಪರಿಸ್ಥಿತಿಯ ದರ ನಿಯಂತ್ರಣದಲ್ಲಿ ಪುಡಿ-ಮಿಕ್ಸ್ ಮಾರಾಟಕ್ಕೆ ಇಳಿಯಿತು.

ಗಲ್ಲಾಪೆಟ್ಟಿಗೆ:
ಪೂರಿ ತೆಗೆದರೆ ಭಾನುವಾರದವರು ಬಯ್ಯಲ್ವಾ ಸರ್?

ದೋಸೆಕಲ್ಲು:
ಎರಡು ವಾರ ಬಯ್ತಾರೆ. ಅದೇ ಸಾಗು ಜೊತೆ ಸೆಟ್ ದೋಸೆ ಕಳಿಸಿ, ಅದು ಮೊದಲೇ ಮೆತ್ತಗಿರೋದು. ಸಾಗು ಡಬ್ಬಿ ಮುಕ್ಕಾಲು ಮಾತ್ರ ತುಂಬಿಸಿ, ಇಲ್ಲದಿದ್ದರೆ ಹಬೆಗೆ ಮುಚ್ಚಳ ಎದ್ದು ಚೀಲವೆಲ್ಲ ಸಾಗು.